ಅಷ್ಟು ದೊಡ್ಡ ಆನೆ ಕಾಣಲಿಲ್ವಾ?

ಬ್ಲಾಗಿನ ಕಡೆ ಬಂದು ಬಹಳ ದಿನ ಆಯ್ತು. ಇವತ್ತು ಹುಡುಕೋದರ ಬಗ್ಗೆ ಬರೀಬೇಕು ಅನ್ನಿಸ್ತಿದೆ. ಗೂಗಲ್ಲಿನಲ್ಲಿ ಹುಡುಕೋದಲ್ಲ ಮಾರಾಯ್ರೆ, ಕಣ್ಣಲ್ಲಿ ಹುಡುಕೋದು :)

ಅಕ್ಕಿ ಆರಿಸೋದು ಗೊತ್ತಲ್ಲ? ಪ್ಯಾಕೆಟ್ ಅಕ್ಕಿ ಉಣ್ಣೋ ಈಗಿನ ಮಕ್ಕಳಿಗೆ ಗೊತ್ತಿಲ್ಲದೇ ಇರಬಹುದು. ಮೊರದ ತುಂಬ ಅಕ್ಕಿ ಹರಡಿಕೊಂಡು ಕಲ್ಲು, ನೆಲ್ಲು, ಹುಳ ಎಲ್ಲ ಹೆಕ್ಕಿ ತೆಗೆಯೋ ಕೆಲಸ. ಕರಿ ಕಲ್ಲಾದ್ರೆ ಕಷ್ಟವೇ ಇಲ್ಲ. ಮೊರದ ಕಡೆ ತಿರುಗಿದ ಕೂಡಲೆ ತಾನಾಗೇ ಕಣ್ಣಿಗೆ ಬಂದು ಬೀಳುತ್ತೆ. ಬಿಳಿ ಕಲ್ಲು ಮಾತ್ರ ಮಹಾ ಕಳ್ಳ. ಎಷ್ಟು ಸಲ ಕೈಯಾಡಿಸಿದ್ರೂ ಅಕ್ಕಿಯ ಮಧ್ಯೆ ಅಕ್ಕಿಯ ಹಾಗೇ ಕೂತಿರುತ್ತೆ. ಆಮೇಲೆ ಊಟದ ಹೊತ್ತಿಗೆ ಹಲ್ಲಿಗೇ ಸಿಗೋದು!

ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಈ ವಿಷಯವನ್ನ 1980ರಲ್ಲಿ ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲೇಡ್ ಅನ್ನೋ ಮನಶ್ಶಾಸ್ತ್ರಜ್ಞರು ಲೆಕ್ಕ ಹಾಕಿ ಬರೆದರು. ಹುಡುಕೋ ವಸ್ತು ಒಂದೇ ಒಂದು ಗುಣದಲ್ಲಿ, ಅಂದ್ರೆ ಬಣ್ಣದಲ್ಲೋ, ವಾಲಿರೋ ದಿಕ್ಕಿನಲ್ಲೋ, ಬೇರೆಯದರಿಂದ ಪೂರ್ತಿ ಭಿನ್ನವಾಗಿದ್ರೆ, ಸುತ್ತ ಹತ್ತಿರಲಿ ಐವತ್ತಿರಲಿ, ಹುಡುಕೋ ಸಮಯ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಎರಡು ಗುಣ ಕೂಡಿಸಿ ನೋಡಬೇಕಾದಾಗ, ಉದಾಹರಣೆಗೆ ಕೆಂಪು ಗುಂಡು ಮತ್ತು ಹಸಿರು ಚೌಕಗಳ ರಾಶಿಯಲ್ಲಿ ಒಂದು ಕೆಂಪು ಚೌಕ ಹುಡುಕಬೇಕಾದಾಗ, ಗುಂಪಿಗೆ ಒಂದೊಂದು ಸೇರಿದ ಹಾಗೂ ಸಮಯ ಏರುತ್ತಾ ಹೋಗುತ್ತೆ. ಒಂದೊಂದನ್ನೇ ವಿಚಾರಿಸಿಕೊಂಡು ಹೋದ ಹಾಗೆ. ಈ ಎರಡರ ಮಧ್ಯದ ಗೆರೆ ಅಷ್ಟು ಖಡಕ್ಕಾಗಿಲ್ಲ ಅಂತ ಆಮೇಲೆ ಬಂದವರು ತೋರಿಸಿದ್ರು. ಹುಡುಕೋ ವಸ್ತು ಸುತ್ತಲಿನದನ್ನ ಎಷ್ಟು ಹೋಲುತ್ತೋ ಅಷ್ಟು ಕಷ್ಟ. ಬಿಳಿ ಕಲ್ಲಿನ ಕತೆ ಅದೇ.

ಇದನ್ನೆಲ್ಲ ಓದ್ತಾ ಓದ್ತಾ ನನಗೆ ನೆನಪಾಗಿದ್ದು ನಮ್ಮೂರು. ಸಿದ್ದಾಪುರ. ಉತ್ತರ ಕನ್ನಡದ್ದಲ್ಲ, ಕುಂದಾಪುರದ ಹತ್ತಿರದ್ದೂ ಅಲ್ಲ, ಕೊಡಗಿನ ಸಿದ್ದಾಪುರ. (ಸಿದ್ದಾಪುರಗಳ ರಾಶಿಯಲ್ಲಿ ನಮ್ಮ ಸಿದ್ದಾಪುರ ಹುಡುಕೋದೂ ಒಂದು ಬಿಳಿ ಕಲ್ಲಿನ ಕೆಲಸವೇ!) ಕಾವೇರಿಯ ಈಚೆ ದಡ ನಾವು, ಆಚೆ ನೆಲ್ಯಹುದಿಕೇರಿ. ಸುತ್ತ ಎತ್ತ ನೋಡಿದ್ರೂ ಕಾಫಿ, ಕಾಫಿಯ ಮೇಲೆ ಸಿಲ್ವರ್ ಓಕ್, ಸಿಲ್ವರಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಅಪ್ಪ ಒಂದು ತೋಟದಲ್ಲಿ ರೈಟರ್ ಆಗಿದ್ರು. ರೈಟರ್ ಅಂದ್ರೆ ಕತೆ ಕಾದಂಬರಿ ಬರೆಯೋರಲ್ಲ, ಹಾಜರಿ ಬರೆಯೋರು :) ಹಾಗಾಗಿ ಹುಡುಕೋದನ್ನೇ ಹೊಟ್ಟೆಪಾಡು ಮಾಡಿಕೊಂಡಿರೋ ಜನರನ್ನ ಚಿಕ್ಕಂದಿನಿಂದ ನೋಡಿದೀನಿ.

ಮೊದಲು ಹಣ್ಣಿನ ವಿಷಯ. ಕಾಫಿ ಒಂದೇ ಸಲ ಹಣ್ಣಾಗಲ್ಲ. ಒಂದೇ ಗೊಂಚಲಲ್ಲಿ ಹಣ್ಣು, ದೋರೆಗಾಯಿ, ಹಸಿರು ಕಾಯಿ ಮೂರೂ ಇರುತ್ತೆ. ಅರೇಬಿಕದಲ್ಲಿ ಮೊದಲಿಗೆ ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನ ಮಾತ್ರ ಕೊಯ್ಯೋದಕ್ಕೆ ಫ್ಲೈ ಪಿಕಿಂಗ್ ಅಂತಾರೆ. ಕಾಯಿ ಸೇರಿದ್ರೆ ಪಲ್ಪರಿಗೆ ಹಾಕಿದಾಗ ತೊಂದರೆ, ಕಾಫಿಯ ರುಚಿಯೂ ಕೆಡುತ್ತೆ. ಹಸಿರು ಎಲೆ, ಹಸಿರು ಕಾಯಿಯ ನಡುವೆ ಕೆಂಪು ಹಣ್ಣು. ಇದು ಕರಿ ಕಲ್ಲಿನ ಜಾತಿ, ತಾನಾಗೇ ಕಾಣುತ್ತೆ. ನಮಗೆ ಮತ್ತು ತೋಟದ ಮಂಗಗಳಿಗೆ ಕೆಂಪು ಹಸಿರು ಬೇರೆ ಮಾಡಿ ನೋಡೋ ಕಣ್ಣಿದೆ, ಹಸುವಿಗೆ ನಾಯಿಗೆ ಇಲ್ಲ. ಎಲೆಗಳ ಮಧ್ಯೆ ಹಣ್ಣನ್ನೂ ಎಳೆ ಚಿಗುರನ್ನೂ ಹುಡುಕೋಕೆ ಅನುಕೂಲ ಆಗಿದ್ದರಿಂದಲೇ ಇಂಥ ಕಣ್ಣು ಉಳಿದುಬಂತು ಅನ್ನೋದು ವಿಜ್ಞಾನಿಗಳ ಒಂದು ಹಳೆಯ ವಾದ. ಅಂದ್ರೆ ಕಾಫಿ ಕೊಯ್ಯೋ ಕಣ್ಣು ಕಾಫಿಗಿಂತ ಲಕ್ಷಾಂತರ ವರ್ಷ ಹಳೇದು ಇರಬಹುದು!

ದೋರೆಗಾಯಿ ಮಾತ್ರ ಬಿಳಿ ಕಲ್ಲಿನ ಜಾತಿ. ಹಳದಿಯೋ ಕೆಂಪೋ ಹೇಳೋಕಾಗಲ್ಲ, ಅದರಲ್ಲೂ ನೆರಳಲ್ಲಿ. ಆದ್ರೆ ಹತ್ತು ಸೀಸನ್ ಕೊಯ್ದ ಹೆಂಗಸರು ಅದನ್ನ ನೋಡಿ ಯೋಚಿಸೋದೇ ಇಲ್ಲ. ಒಂದು ಕೈ ಕೊಂಬೆ ಬಗ್ಗಿಸಿ ಹಿಡಿದಿರುತ್ತೆ, ಇನ್ನೊಂದು ಕೈಯ ಬೆರಳು ಹಣ್ಣು ಕಿತ್ತು ಸೊಂಟದ ಚೀಲಕ್ಕೆ ಹಾಕ್ತಿರುತ್ತೆ, ಬಾಯಲ್ಲಿ ಊರ ಸುದ್ದಿ ನಡೀತಿರುತ್ತೆ.

ಈಗ ಒಂದು ಪ್ರಶ್ನೆ. ಗಿಡದಲ್ಲಿ ಇನ್ನೂ ನಾಲ್ಕು ಹಣ್ಣಿದೆ, ಒಳಗೆ ಎಲ್ಲೋ ಮರೆಯಲ್ಲಿ. ಅದನ್ನ ಹುಡುಕೋದಾ, ಮುಂದಿನ ಗಿಡಕ್ಕೆ ಹೋಗೋದಾ? ನಗಬೇಡಿ, ಇದರ ಮೇಲೆ ಪ್ರಬಂಧವೇ ಇದೆ. ಜೆರೆಮಿ ವುಲ್ಫ್ ಅನ್ನೋ ಅಮೆರಿಕದ ಸಂಶೋಧಕರು 2013ರಲ್ಲಿ ಬರೆದದ್ದು, ಮುಂದಿನ ರಾಸ್ಪ್‌ಬೆರಿ ಪೊದೆಗೆ ಯಾವಾಗ ಹೋಗಬೇಕು ಅಂತಲೇ ಅದರ ತಲೆಬರಹ. ಕಂಪ್ಯೂಟರ್ ತೆರೆಯ ಮೇಲೆ ಜನರ ಕೈಲಿ 'ಹಣ್ಣು' ಕೀಳಿಸಿದ್ರು. ಪ್ರಾಣಿಗಳು ಮೇವು ಹುಡುಕೋದರ ಬಗ್ಗೆ ಎರಿಕ್ ಚಾರ್ನೋವ್ 1976ರಲ್ಲಿ ಒಂದು ಲೆಕ್ಕ ಕೊಟ್ಟಿದ್ರು: ಈ ಜಾಗದಲ್ಲಿ ಸಿಗೋ ವೇಗ ಒಟ್ಟಾರೆ ಸರಾಸರಿಗಿಂತ ಕೆಳಗೆ ಇಳೀತಾ, ಎದ್ದು ಹೋಗು. ಮನುಷ್ಯರೂ ಹೆಚ್ಚುಕಮ್ಮಿ ಹಾಗೇ ಮಾಡಿದ್ರು. ಯಾರೂ ಹೇಳಿಕೊಡದೆ.

ನಮ್ಮ ತೋಟಗಳಲ್ಲಿ ಇದು ಬರೀ ಲೆಕ್ಕ ಅಲ್ಲ, ಜಗಳ. ಕೆ.ಜಿ ಲೆಕ್ಕದಲ್ಲಿ ದುಡ್ಡು ಕೊಡುವಾಗ ಕೊಯ್ಯೋರ ಕಣ್ಣು ಚಾರ್ನೋವ್ ಹೇಳಿದ ಹಾಗೇ ನಡೆಯುತ್ತೆ. ಹಣ್ಣು ತೆಳುವಾದ ಕೂಡಲೆ ಮುಂದಿನ ಗಿಡ. ಉಳಿದ ನಾಲ್ಕು ಹಣ್ಣು ಕೊಯ್ಯೋರಿಗೆ ನಷ್ಟದ ಬಾಬ್ತು. ತೋಟದವರಿಗೆ ಅದೇ ನಾಲ್ಕು ಹಣ್ಣು ತಲೆನೋವು, ಯಾಕಂದ್ರೆ ಗಿಡದಲ್ಲಿ, ನೆಲದಲ್ಲಿ ಬಿಟ್ಟ ಹಣ್ಣಿನಲ್ಲೇ ಕಾಯಿಕೊರಕ ಹುಳ ಮುಂದಿನ ಫಸಲಿನವರೆಗೆ ಬದುಕಿಕೊಳ್ಳೋದು. ಭಾರತದಲ್ಲಿ ಆ ಹುಳ ಮೊದಲು ಸಿಕ್ಕಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕೊಡಗಿಗೂ ಬಂತು. ಅದಕ್ಕೇ ಉದುರಿದ ಕಾಯಿ ಹೆಕ್ಕಿಸಬೇಕು, ಗಿಡ ಪೂರ್ತಿ ಖಾಲಿ ಮಾಡಿಸಬೇಕು ಅನ್ನೋದು. 'ಇವರಿಗೆ ಕಣ್ಣೇ ಕಾಣಲ್ಲ, ಎಷ್ಟು ಬಿಟ್ಟು ಹೋಗಿದಾರೆ ನೋಡಿ' ಅಂತ ಬೈಯೋರನ್ನ ಕೇಳಿದೀನಿ. ಅಪ್ಪ ಹೇಳ್ತಿದ್ರು, 'ಕಣ್ಣು ಸರಿ ಇದೆ. ಹೆಕ್ಕೋ ಕೆಲಸಕ್ಕೆ ಹಾಜರಿ ಸಂಬಳ ಕೊಟ್ಟು ನೋಡಿ, ಅದೇ ಕಣ್ಣಿಗೆ ಎಲ್ಲ ಕಾಣುತ್ತೆ.' ಅಪ್ಪ ಚಾರ್ನೋವನ್ನ ಓದಿರಲಿಲ್ಲ ಬಿಡಿ.

ಎರಡನೇದು ಬೋರರ್. ಕಾಯಿಕೊರಕ ಅಲ್ಲ, ಬಿಳಿ ಕಾಂಡಕೊರಕ. ಅರೇಬಿಕದ ಯಮ. ದುಂಬಿ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತೆ, ಮರಿಹುಳ ಒಳಗೆ ಸುರಂಗ ಕೊರೆಯುತ್ತೆ. ಹೊರಗೆ ಕಾಣೋದು ಇಷ್ಟೇ: ಎಲೆ ಸ್ವಲ್ಪ ಹಳದಿ, ಕಾಂಡದ ಮೇಲೆ ಸಣ್ಣ ಏಣು. ದುಂಬಿ ಹಾರೋದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮುಂಚೆ, ಮಾರ್ಚಿನಲ್ಲೂ ಸೆಪ್ಟೆಂಬರಿನಲ್ಲೂ, ಗಿಡ ಗಿಡ ನೋಡಿಕೊಂಡು ಹೋಗಿ, ಹುಳ ಬಿದ್ದದ್ದನ್ನ ಕಿತ್ತು ಸುಡಬೇಕು. ಇದಕ್ಕೆ ಬೋರರ್ ಟ್ರೇಸಿಂಗ್ ಅಂತಾರೆ. ಬಿಟ್ಟ ಒಂದು ಗಿಡದಿಂದ ಹೊರಟ ದುಂಬಿಗಳು ಅಕ್ಕಪಕ್ಕದ ಗಿಡಗಳನ್ನೆಲ್ಲ ಹಾಳು ಮಾಡ್ತವೆ.

ಹಣ್ಣಿಗೂ ಬೋರರಿಗೂ ವ್ಯತ್ಯಾಸ ಏನು ಗೊತ್ತಾ? ಹಣ್ಣು ಪ್ರತಿ ಗಿಡದಲ್ಲೂ ಸಿಗುತ್ತೆ. ಬೋರರ್ ನೂರಾರು ಗಿಡ ನೋಡಿದ ಮೇಲೆ ಒಂದು. ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿದೆ ಅಂತ ಹೇಳಿ ಹೇಳಿ ಕಣ್ಣು ಅದಕ್ಕೇ ಒಗ್ಗಿ ಹೋಗುತ್ತೆ. ಇದನ್ನೂ ಅದೇ ವುಲ್ಫ್ ಮತ್ತು ಜೊತೆಯವರು 2005ರಲ್ಲಿ ಅಳೆದು ತೋರಿಸಿದ್ರು. ವಿಮಾನ ನಿಲ್ದಾಣದ ಲಗೇಜು ತಪಾಸಣೆಯನ್ನ ಹೋಲೋ ಒಂದು ಪರೀಕ್ಷೆ. ಹುಡುಕೋ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ತಪ್ಪಿಸಿಕೊಂಡಿದ್ದು ಸುಮಾರು ಶೇ. 7. ನೂರಕ್ಕೆ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ? ಸುಮಾರು ಶೇ. 30! ವಸ್ತು ಅದೇ, ಕಷ್ಟವೂ ಅಷ್ಟೇ. ಅಪರೂಪ ಅನ್ನೋ ಒಂದೇ ಕಾರಣಕ್ಕೆ ಕಾಣದೆ ಹೋಯ್ತು.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಷ್ಟು ದಿನ ನಾವೆಲ್ಲ ಅಂದುಕೊಂಡಿದ್ದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ರೆ ಕಾಣುತ್ತೆ, ಕಾಣಲಿಲ್ಲ ಅಂದ್ರೆ ಶ್ರದ್ಧೆ ಇಲ್ಲ ಅಂತ ಅಲ್ವಾ? ಆ ಪರೀಕ್ಷೆಗೆ ಕೂತವರು ಸೋಮಾರಿಗಳಲ್ಲ. ಅಪರೂಪದ್ದನ್ನ ಹುಡುಕೋವಾಗ ಕಣ್ಣು ಬೇಗ ಕೈಚೆಲ್ಲುತ್ತೆ. ಅದು ಕಣ್ಣಿನ ಜಾಯಮಾನ.

ಹಾಗಾದ್ರೆ ಮದ್ದಿಲ್ವಾ? ಸ್ವಲ್ಪ ಇದೆ. ನಡುನಡುವೆ ಆ ವಸ್ತು ಪದೇ ಪದೇ ಸಿಗೋ ಹಾಗೆ ಒಂದು ಸಣ್ಣ ಅಭ್ಯಾಸ ಮಾಡಿಸಿ, ಸಿಕ್ಕಿತೋ ತಪ್ಪಿತೋ ಆಗಲೇ ಹೇಳಿದ್ರೆ ಕಣ್ಣು ಮತ್ತೆ ಚುರುಕಾಗುತ್ತೆ ಅಂತ 2007ರಲ್ಲಿ ಅದೇ ಗುಂಪಿನವರು ಬರೆದರು. ವಿಮಾನ ನಿಲ್ದಾಣಗಳ ಎಕ್ಸ್‌ರೇ ಯಂತ್ರಗಳಲ್ಲಿ ಸುಳ್ಳು ಬಂದೂಕು, ಸುಳ್ಳು ಚಾಕುವಿನ ಚಿತ್ರಗಳನ್ನ ಆಗಾಗ ತೂರಿಸೋ ವ್ಯವಸ್ಥೆಯೂ ಇದೆ. ಅಪ್ಪನ ಹತ್ತಿರ ಯಂತ್ರ ಇರಲಿಲ್ಲ. ಟ್ರೇಸಿಂಗ್ ಶುರು ಮಾಡೋ ದಿನ ಬೆಳಗ್ಗೆ ಹುಳ ಬಿದ್ದ ನಾಲ್ಕೈದು ಕಾಂಡ ತರಿಸಿ, ಸೀಳಿ ಸುರಂಗ ತೋರಿಸಿ, ಎಲ್ಲರ ಕೈಗೂ ಕೊಡ್ತಿದ್ರು. 'ಬೆರಳಿಗೆ ಗೊತ್ತಾಗಲಿ' ಅನ್ನೋರು. ಚಾ ಕುಡಿದ ಮೇಲೆ ಮತ್ತೆ ಒಂದು ಸಲ. ಲೈನ್ ಮನೆಯ ಒಬ್ಬ ಅಕ್ಕ ಇದ್ರು, ಕಾಂಡವನ್ನ ನೋಡ್ತಲೇ ಇರಲಿಲ್ಲ, ಅಂಗೈ ಸವರಿಕೊಂಡು ಹೋಗೋರು. ಮಗುವಿಗೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡ್ತೀವಲ್ಲ, ಹಾಗೆ. 'ರೈಟರೇ, ಇದಕ್ಕೆ ಉಂಟು' ಅಂದ್ರೆ ಉಂಟು.

ಹಕ್ಕಿಗಳಿಗೂ ಇದೇ ಪಾಡು ಅನ್ನೋದು ಇನ್ನೊಂದು ತಮಾಷೆ. ಕಾಡಿಗೆ ಒಂದು ಜಾತಿಯ ಕಂಬಳಿಹುಳ ಹೊಸದಾಗಿ ಬಂದಾಗ ಹಕ್ಕಿಗಳು ಕೆಲವು ದಿನ ಅದನ್ನ ಅಷ್ಟಾಗಿ ತಿನ್ನಲ್ಲ, ಆಮೇಲೆ ಇದ್ದಕ್ಕಿದ್ದಂತೆ ಅದನ್ನೇ ಹೆಕ್ಕಿ ಹೆಕ್ಕಿ ತಿಂತವೆ ಅಂತ ಹಾಲೆಂಡಿನ ಲೂಕ್ ಟಿನ್‌ಬರ್ಗೆನ್ ಗಮನಿಸಿದ್ದು 1960ರಲ್ಲಿ ಪ್ರಕಟವಾಯ್ತು. ಹುಡುಕೋ ವಸ್ತುವಿನ ಒಂದು ಚಿತ್ರ ಮೊದಲು ತಲೆಯೊಳಗೆ ಕೂರಬೇಕು, ಆಮೇಲೆ ಹೊರಗೆ ಕಾಣೋದು ಅನ್ನೋದು ಅವರ ವಿವರಣೆ.

ಇನ್ನು ಆನೆ. ಇಷ್ಟು ಹೊತ್ತು ಸುತ್ತಿ ಬಂದಿದ್ದು ಇದಕ್ಕೇ.

ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ, ಪಾಲಿಬೆಟ್ಟ... ಈ ಕಡೆಯವರಿಗೆ ಆನೆ ಅಂದ್ರೆ ದಸರಾ ಅಲ್ಲ, ದುಬಾರೆಯಲ್ಲಿ ಸ್ನಾನ ಮಾಡಿಸೋದೂ ಅಲ್ಲ. ಕಾಡಿನಿಂದ ಬಂದು ತೋಟದಲ್ಲೇ ಉಳಿದುಬಿಡೋ ಆನೆ. ತೋಟದಲ್ಲಿ ಕೆರೆ ಇದೆ, ಹಲಸು ಇದೆ, ನೆರಳಿದೆ. ಕಾಫಿ ಹಣ್ಣನ್ನೂ ತಿಂತವೆ. ಕೊಡಗಿನ ತೋಟಗಳಲ್ಲಿ ಕೆಲಸ ಮಾಡಿದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದ ಹೆಸರೇ 'ಆನೆಗಳಿಗೂ ಕಾಫಿ ಇಷ್ಟ' ಅನ್ನೋ ಅರ್ಥದ್ದು. ತೋಟಕ್ಕೆ ಕೆಲಸಕ್ಕೆ ಹೋಗುವಾಗ ಆನೆ ತುಳಿದು ಸತ್ತವರ ಸುದ್ದಿ ನಮ್ಮ ಕಡೆ ವರ್ಷ ವರ್ಷ ಬರ್ತಾನೇ ಇರುತ್ತೆ.

ಕೆಲವು ವರ್ಷದ ಹಿಂದೆ ನಮ್ಮೂರ ಹತ್ತಿರದ ಒಂದು ತೋಟದಲ್ಲಿ ಹೀಗೇ ಒಬ್ಬರು ಹೋದರು. ಬೆಳಗ್ಗೆ, ಇನ್ನೂ ಮಂಜು ಬಿಟ್ಟಿರಲಿಲ್ಲ. ದಿನಾ ನಡೆಯೋ ದಾರಿ. ಎರಡು ದಿನ ಬಿಟ್ಟು ಚಾ ಅಂಗಡಿಯಲ್ಲಿ ಕೂತಿದ್ದಾಗ ಯಾರೋ ಅಂದ್ರು, 'ಅಷ್ಟು ದೊಡ್ಡ ಆನೆ ಕಾಣಲಿಲ್ವಾ? ಕುಡಿದಿದ್ದನೋ ಏನೋ.' ಇನ್ನೊಬ್ಬರು ಹೂಂಗುಟ್ಟಿದ್ರು. ಸತ್ತವರು ಕುಡಿಯೋರೇ ಅಲ್ಲ. ಆದ್ರೆ ಮಾತು ಊರೆಲ್ಲ ಹರಡಿ, ಅವರ ಹೆಂಡತಿಯ ಕಿವಿಗೂ ಬಿತ್ತು. ಗಂಡನ್ನ ಕಳಕೊಂಡ ಮೇಲೆ ಆ ಮಾತನ್ನೂ ಕೇಳಬೇಕು ನೋಡಿ.

ಕಾಣಲಿಲ್ವಾ ಅಂದ್ರೆ, ಹೌದು, ಕಾಣಲ್ಲ. ಇದನ್ನ ಊರಿನವರಿಗೆ ಹೇಗೆ ಹೇಳೋದು ಅಂತ ನಾನು ಬಹಳ ಸಲ ಯೋಚಿಸಿದೀನಿ.

ಆನೆ ದೊಡ್ಡದು, ನಿಜ. ಆದ್ರೆ ಬಣ್ಣ? ಮಣ್ಣು ಮೆತ್ತಿಕೊಂಡ ಬೂದು, ಸಿಲ್ವರ್ ಮರದ ಬುಡದ ಹಾಗೆ, ಮಂಜಿನ ಹಾಗೆ. ರೋಬಸ್ಟ ಗಿಡಗಳು ಆಳೆತ್ತರಕ್ಕಿಂತ ಮೇಲೆ ಬೆಳೆದು ಕೂಡಿಕೊಂಡಿರುತ್ತೆ, ಹಾಗಾಗಿ ಇಡೀ ಆನೆ ಕಾಣಲ್ಲ, ಅಲ್ಲೊಂದು ಚೂರು ಇಲ್ಲೊಂದು ಚೂರು. ಅಲುಗಾಡೋದು ತಕ್ಷಣ ಕಣ್ಣಿಗೆ ಬೀಳುತ್ತೆ, ಆದ್ರೆ ಮನುಷ್ಯರ ವಾಸನೆ ಸಿಕ್ಕಿದ ಆನೆ ಕೆಲವು ಸಲ ಕಲ್ಲಿನ ಹಾಗೆ ನಿಂತುಬಿಡುತ್ತೆ. ಬಿಳಿ ಕಲ್ಲಿನ ಮೂರೂ ಲಕ್ಷಣ ಒಟ್ಟಿಗೆ! ಮೇಲಿಂದ ಅಪರೂಪ. ವರ್ಷದಲ್ಲಿ ಎಷ್ಟೋ ಬೆಳಗ್ಗೆ ಅದೇ ದಾರಿಯಲ್ಲಿ ಏನೂ ಇರಲ್ಲ. ಇಲ್ಲ, ಇಲ್ಲ, ಇಲ್ಲ, ಇಲ್ಲ... ಮತ್ತೆ ಒಂದು ದಿನ ಇರುತ್ತೆ.

ಅದೂ ಅಲ್ಲದೆ ಕೆಲಸಕ್ಕೆ ಹೋಗೋರು ಆನೆ ಹುಡುಕ್ತಾ ಹೋಗ್ತಿರಲ್ಲ. ಕಾಲಿಗೆ ಕಲ್ಲು ಸಿಗದ ಹಾಗೆ, ಹಾವು ಮೆಟ್ಟದ ಹಾಗೆ, ಹಾಜರಿಗೆ ಹೊತ್ತಾಗದ ಹಾಗೆ ಹೋಗ್ತಿರ್ತಾರೆ. ಇದಕ್ಕೂ ಒಂದು ಪುರಾವೆ ಇದೆ. 2013ರಲ್ಲಿ ಟ್ರಾಫ್ಟನ್ ಡ್ರೂ ಮತ್ತು ಜೊತೆಯವರು 24 ಮಂದಿ ರೇಡಿಯಾಲಜಿಸ್ಟ್ ಡಾಕ್ಟರುಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟುಗಳನ್ನ ಹುಡುಕಿ ಅಂದ್ರು. ಕೊನೆಯ ಸ್ಕ್ಯಾನಿನ ಒಳಗೆ ಒಂದು ಗೊರಿಲ್ಲದ ಚಿತ್ರ ಸೇರಿಸಿಟ್ಟಿದ್ರು, ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 24ರಲ್ಲಿ 20 ಡಾಕ್ಟರುಗಳಿಗೆ ಗೊರಿಲ್ಲ ಕಾಣಲಿಲ್ಲ. ಕಣ್ಣಿನ ಚಲನೆ ದಾಖಲು ಮಾಡಿದ್ರು ನೋಡಿ, ಆ 20ರಲ್ಲಿ 12 ಮಂದಿಯ ದೃಷ್ಟಿ ನೇರವಾಗಿ ಗೊರಿಲ್ಲದ ಮೇಲೇ ಬಿದ್ದಿತ್ತು! ಬೆಳಕಿರೋ ತೆರೆಯ ಮುಂದೆ ಕೂತು, ಹುಡುಕೋದನ್ನೇ ವರ್ಷಗಟ್ಟಲೆ ಕಲಿತು ಬಂದ ಡಾಕ್ಟರುಗಳಿಗೆ ಕಾಣದ್ದು, ಮಂಜಲ್ಲಿ ಕೆಲಸಕ್ಕೆ ಹೊರಟ ಒಬ್ಬ ಮನುಷ್ಯನಿಗೆ ಕಾಣಲಿಲ್ಲ ಅಂದ್ರೆ ಕುಡಿದಿದ್ದ ಅಂತೀವಿ. ಡಾಕ್ಟರುಗಳು ಕುಡಿದಿದ್ರಾ ಅಂತ ಯಾರೂ ಕೇಳಲಿಲ್ಲವಲ್ಲ?

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅಂತ ಗಾದೆ ಮಾಡಿ ನಗ್ತೀವಿ. ಆದ್ರೆ ಆ ತಾಯಿ ದಡ್ಡಿ ಅಲ್ಲ ಅಂತ ನನಗೀಗ ಅನ್ನಿಸುತ್ತೆ. ಕಣ್ಣನ್ನ ಯಾವುದಕ್ಕೆ ಕಳಿಸಿದೀವೋ ಅದನ್ನ ತರುತ್ತೆ, ದಿನಾ ಸಿಗೋದನ್ನ ಬೇಗ ತರುತ್ತೆ, ಎಂದೋ ಒಮ್ಮೆ ಸಿಗೋದನ್ನ ಬಿಟ್ಟು ಬರುತ್ತೆ. ಹಾಗಾಗಿ ಕಾಣದೆ ಹೋದವರನ್ನ ಬೈದು ಪ್ರಯೋಜನ ಇಲ್ಲ. ಕಾಣೋ ಹಾಗೆ ಮಾಡೋದು ಉಳಿದವರ ಕೆಲಸ.

ಅದು ಆಗದ ಕೆಲಸವೂ ಅಲ್ಲ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳ ಕಡೆ ಆನೆ ಹತ್ತಿರ ಇದ್ದಾಗ ಮೊಬೈಲಿಗೆ ಸಂದೇಶ ಹೋಗುತ್ತೆ, ದಾರಿ ಬದಿಯ ಕಂಬದಲ್ಲಿ ಕೆಂಪು ದೀಪ ಹತ್ತುತ್ತೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಊರಿನವರ ಜೊತೆ ಸೇರಿ ಶುರು ಮಾಡಿದ್ದು. ಆಮೇಲೆ ನಮ್ಮ ಹಾಸನದ ಆಲೂರು, ಸಕಲೇಶಪುರದ ಕಡೆಗೂ ಬಂತು. ದೀಪ ಆನೆಯನ್ನ ಓಡಿಸಲ್ಲ. 'ಇವತ್ತು ಇದೆ' ಅಂತ ಕಣ್ಣಿಗೆ ಹೇಳುತ್ತೆ, ಅಷ್ಟೇ. ಅಪರೂಪದ್ದು ಆ ಒಂದು ಬೆಳಗ್ಗೆ ಅಪರೂಪ ಅಲ್ಲದ ಹಾಗಾಗುತ್ತೆ. ಆದ್ರೆ ದೀಪ ವರ್ಷವಿಡೀ ಹತ್ತಿಕೊಂಡೇ ಇದ್ರೆ ಅದೂ ಸಿಲ್ವರ್ ಮರದ ಹಾಗೆ ಆಗಿಬಿಡುತ್ತೆ, ಯಾರೂ ನೋಡಲ್ಲ. ಸುದ್ದಿ ನಿಜ ಇರಬೇಕು, ಹೊತ್ತಿಗೆ ಬರಬೇಕು. ನಮ್ಮ ಕಡೆ ಅರಣ್ಯ ಇಲಾಖೆಯ ಆರ್.ಆರ್.ಟಿ ಹುಡುಗರು ಆನೆಯ ಹಿಂದೆ ಹಗಲು ರಾತ್ರಿ ಅಲೆದು ತೋಟದವರಿಗೆ ಸುದ್ದಿ ಮುಟ್ಟಿಸ್ತಾರೆ. ಆ ಸುದ್ದಿ ಸಾಹುಕಾರರ ಮೊಬೈಲಿನಲ್ಲೇ ಉಳಿಯದೆ ಲೈನ್ ಮನೆಯ ಬಾಗಿಲಿಗೆ ಬೆಳಗ್ಗೆ ಆರಕ್ಕೆ ಮುಂಚೆ ತಲುಪುತ್ತಾ? ಮಂಜು ಬಿಡೋವರೆಗೆ ಹಾಜರಿ ತಡ ಮಾಡೋಕೆ ತೋಟದವರು ಒಪ್ತಾರಾ? ಜನ ಹೋಗುವಾಗ ಬೇರೆ ಯಾವ ಕೆಲಸವೂ ಇಲ್ಲದ, ಆನೆ ನೋಡೋದೇ ಕೆಲಸ ಆಗಿರೋ ಒಬ್ಬರು ಮುಂದೆ ಇರ್ತಾರಾ? ಹುಡುಕೋ ವಿಜ್ಞಾನ ಓದಿದ ಮೇಲೆ ನನಗೆ ಮುಖ್ಯ ಅನ್ನಿಸಿದ್ದು ಈ ಮೂರು ಪ್ರಶ್ನೆ. ಕಣ್ಣು ಕಾಣಲ್ವಾ ಅನ್ನೋದು ನಾಲ್ಕನೇದೂ ಅಲ್ಲ.

ಈ ಸಲ ಊರಿಗೆ ಹೋದಾಗ ಗೊರಿಲ್ಲದ ಕತೆಯನ್ನ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಡಾಕ್ಟರುಗಳ ಹೆಸರು ಹಾಕಿದಾರಾ?' ಅಂತ ಕೇಳಿದ್ರು. ಇಲ್ಲಪ್ಪ, ಅಂದೆ. 'ಒಳ್ಳೇದು ಮಾಡಿದ್ರು. ಪಾಪ, ಅವರಿಗೂ ಮನೆಯವರು ಇರ್ತಾರೆ' ಅಂದ್ರು.

ನಿಮ್ಮ ಕಡೆ ಹೇಗೆ? ಅಡಿಕೆ, ಏಲಕ್ಕಿ, ಗೋಡಂಬಿ ಆರಿಸೋರು, ರೇಷ್ಮೆ ಗೂಡು ವಿಂಗಡಿಸೋರು ನಿಮ್ಮ ಮನೆಯಲ್ಲಿ, ಊರಲ್ಲಿ ಇದ್ದೇ ಇರ್ತಾರೆ. ಅವರ ಕಣ್ಣಿನ, ಬೆರಳಿನ ಉಪಾಯಗಳು ಗೊತ್ತಿದ್ರೆ ಕೆಳಗೆ ಬರೀರಿ. ಇಂಥವು ಬರೆದಿಡದೆ ಹೋದ್ರೆ ಸಿಗೋದಿಲ್ಲ, ಎಷ್ಟು ಹುಡುಕಿದ್ರೂ :)